ಚೀಲದೊಳಗಿನ ಕಚೇರಿ

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗಾಗಿ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಕೇಳಿದ್ದಾರೆ. ಶಾಲೆ ಹುಟ್ಟಿದ ಬಗೆ, ಮೊದಲ ಹಂಚಿನ ಮಾಡು, ನೆಲ ಕೊಟ್ಟ ದಾನಿಗಳು, ದುಡಿದು ಮರೆಯಾದ ಸಹೋದ್ಯೋಗಿಗಳು, ಇವೆಲ್ಲದರ ವಿಚಾರವನ್ನು ನನಗಿಂತ ಚೆನ್ನಾಗಿ ಬಲ್ಲವರು ಬರೆಯುತ್ತಾರೆಂದು ತಿಳಿದಿದ್ದೇನೆ. ಆದುದರಿಂದ ನಾನು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು, ಅವರ ಮಕ್ಕಳು, ಇಂದು ಕಚೇರಿಗೆ ಹೋಗದೆಯೇ ಕಚೇರಿಯ ಕೆಲಸ ಮಾಡುತ್ತಾರೆ. ಕೆಲವರು ಮನೆಯಲ್ಲಿ, ಕೆಲವರು ಬೆಟ್ಟದ ಮೇಲೆ, ಕೆಲವರು ಸಮುದ್ರದ ದಂಡೆಯ ಕಾಫಿ ಅಂಗಡಿಯಲ್ಲಿ ಕುಳಿತು ದುಡಿಯುತ್ತಾರೆ. ಈ ಹೊಸ ಬಗೆಯ ದುಡಿಮೆಯನ್ನು ಕಳೆದ ಐದು ವರ್ಷಗಳಿಂದ ನನ್ನ ಮೊಮ್ಮಗನ ಮೂಲಕ ಹತ್ತಿರದಿಂದ ನೋಡಿದ್ದೇನೆ. ನೋಡಿದ್ದನ್ನು, ನೋಡಿ ಯೋಚಿಸಿದ್ದನ್ನು ಇಲ್ಲಿ ಅರಿಕೆ ಮಾಡುತ್ತೇನೆ.

ಮೊದಲು ನನ್ನ ವಿಚಾರ ಎರಡು ಮಾತು. ನಾನು ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ಯುಲೇಷನ್ ಮುಗಿಸಿ, ಶಿಕ್ಷಕರ ತರಬೇತಿ ಪಡೆದು, 1976ರಲ್ಲಿ ಈ ಶಾಲೆಗೆ ಬಂದವನು. 2009ರಲ್ಲಿ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದೆ. ಮೂವತ್ತಮೂರು ವರ್ಷ ಒಂದೇ ಗಂಟೆಯ ಸದ್ದಿಗೆ ಓಗೊಟ್ಟವನು. ನಮ್ಮ ಕಾಲದಲ್ಲಿ ಕೆಲಸವೆಂದರೆ ಒಂದು ಸ್ಥಳ. ಹಾಜರಿ ಪುಸ್ತಕದಲ್ಲಿ ರುಜು ಬಿದ್ದರೆ ಮನುಷ್ಯ ಕೆಲಸದಲ್ಲಿದ್ದಾನೆ, ಬೀಳದಿದ್ದರೆ ಇಲ್ಲ. ಎಲ್ಲಿ ಬದುಕಬೇಕು ಎಂಬುದನ್ನು ನಾವು ಯಾರೂ ತೀರ್ಮಾನಿಸಲಿಲ್ಲ. ಆಜ್ಞಾಪತ್ರ ಎಲ್ಲಿಗೆ ಹೋಗೆಂದಿತೋ ಅಲ್ಲಿಗೆ ಟ್ರಂಕು, ಹಾಸಿಗೆ ಸುರುಳಿ ಹೊತ್ತು ಹೋದೆವು. ಅಲ್ಲಿಯೇ ಮದುವೆ, ಮಕ್ಕಳು, ಮನೆ ಎಲ್ಲವೂ ಆಯಿತು.

ನಿವೃತ್ತಿಯ ನಂತರ ನಾನು ತೇನಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ಅಳಿಯಂದಿರ ಮನೆತನದವರು ತಲೆಮಾರುಗಳಿಂದ ಕಂಬಂ ಕಣಿವೆಯಲ್ಲಿ ನೆಲೆಸಿದ ಕನ್ನಡ ಮನೆಮಾತಿನವರು. ಈ ಸೀಮೆಗೂ ಕನ್ನಡಕ್ಕೂ ನಂಟು ಹಳೆಯದು. ಹೈದರಾಲಿ 1755ರಲ್ಲಿ ದಿಂಡುಗಲ್ಲಿಗೆ ಫೌಜುದಾರನಾಗಿ ಬಂದದ್ದನ್ನೂ, 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ದಿಂಡುಗಲ್ಲು ಮೈಸೂರಿನ ಕೈತಪ್ಪಿ ಇಂಗ್ಲಿಷರಿಗೆ ಹೋದದ್ದನ್ನೂ ನನ್ನ ವಿದ್ಯಾರ್ಥಿಗಳು ಇತಿಹಾಸದ ಪಾಠದಲ್ಲಿ ಕೇಳಿರುತ್ತಾರೆ. ಆ ಅಧಿಕಾರ ಹೋಗಿ ಇನ್ನೂರು ವರ್ಷ ದಾಟಿದರೂ ಕಂಬಂ, ತೇನಿ, ಬೋಡಿನಾಯಕನೂರು, ದಿಂಡುಗಲ್ಲುಗಳ ಅನೇಕ ಮನೆಗಳಲ್ಲಿ ಕನ್ನಡ ಇನ್ನೂ ಉಸಿರಾಡುತ್ತಿದೆ. ತಮಿಳಿನ ಒಗ್ಗರಣೆ ಬಿದ್ದ ಕನ್ನಡ ಅದು. ಓದು ಬರಹವಿಲ್ಲದ, ಕೇವಲ ನಾಲಗೆಯ ಮೇಲಿನ ಕನ್ನಡ. ಮದುವೆಯ ಮಾತುಕತೆ ಕನ್ನಡದಲ್ಲಿ ನಡೆಯುತ್ತದೆ, ಲಗ್ನಪತ್ರಿಕೆ ತಮಿಳಿನಲ್ಲಿ ಅಚ್ಚಾಗುತ್ತದೆ. ನಮ್ಮ ಶಾಲೆಯಲ್ಲಿ ಕಲಿತ ನನ್ನ ಮಗಳು ಆ ಮನೆಗೆ ಸೊಸೆಯಾಗಿ ಹೋದಾಗ, ಕನ್ನಡ ಅಕ್ಷರ ಬಲ್ಲವಳು ಅಲ್ಲಿ ಅವಳೊಬ್ಬಳೇ.

2020ರ ಮಾರ್ಚ್ 25ರಿಂದ ದೇಶಕ್ಕೆ ಬೀಗ ಬಿದ್ದಿತಷ್ಟೆ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿ ವರ್ಷ ತುಂಬದ ಮೊಮ್ಮಗ ಅದಕ್ಕೆ ನಾಲ್ಕು ದಿನ ಮುಂಚೆ ಬೆನ್ನಿಗೊಂದು ಚೀಲ ಹಾಕಿಕೊಂಡು ತೇನಿಗೆ ಬಂದಿಳಿದ. ಆ ಚೀಲದಲ್ಲಿ ಅವನ ಕಚೇರಿ ಇತ್ತು. ಆಗ ತೇನಿಗೆ ರೈಲು ಇರಲಿಲ್ಲ. ಮದುರೆ–ಬೋಡಿ ನಡುವಿನ ಮೀಟರ್ ಗೇಜ್ ರೈಲು 2010ರ ಕೊನೆಯಲ್ಲಿ ನಿಂತದ್ದು, ಹಳಿ ಅಗಲವಾಗಿ ಮತ್ತೆ ತೇನಿ ಮುಟ್ಟಿದ್ದು 2022ರ ಮೇ ತಿಂಗಳಲ್ಲಿ. ಅಂದರೆ ನಮ್ಮ ಊರಿಗೆ ರೈಲಿಗಿಂತ ಮೊದಲು ಬೆಂಗಳೂರಿನ ಕಚೇರಿಯೇ ಬಂದು ತಲುಪಿತು.

ಮಹಡಿಯ ಮೇಲಿನ ಕೋಣೆಯಲ್ಲಿ, ತೆಂಗಿನಕಾಯಿ ರಾಶಿಯ ಪಕ್ಕದಲ್ಲಿ ಒಂದು ಹಳೆಯ ಮೇಜು. ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಅವನು ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದರೆ ಕೆಳಗೆ ನನ್ನ ಮಗಳು ಕುಕ್ಕರ್ ಕೂಗಿಸಲೂ ಅಂಜುತ್ತಿದ್ದಳು. ಕರೆಂಟು ಹೋದರೆ ಮೊಬೈಲು ಹಿಡಿದು ನೀರಿನ ಟ್ಯಾಂಕಿನ ಬಳಿಗೆ ಓಡುವನು. ಸಿಗ್ನಲ್ ಚೆನ್ನಾಗಿ ಸಿಕ್ಕುವುದು ಅಲ್ಲಿ ಮಾತ್ರ. ಹಗಲು ಹೊತ್ತಿನಲ್ಲಿ ಹುಡುಗ ಮನೆಯಲ್ಲೇ ಇರುವುದನ್ನು ಕಂಡ ನೆರೆಮನೆಯ ಅಜ್ಜಿ ಮಗಳನ್ನು ಕರೆದು, “ಪಾಪ, ಕೆಲಸ ಹೋಯಿತೇ?” ಎಂದು ಗುಟ್ಟಾಗಿ ವಿಚಾರಿಸಿದರು. ಕುಳಿತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂಬುದು ನಮ್ಮವರ ಗಾದೆ. ಕುಳಿತೇ ಹೊನ್ನು ಗಳಿಸಬಹುದೆಂದು ಆ ಅಜ್ಜಿಗೆ ನಂಬಿಸಲು ನಮಗೆ ಒಂದು ತಿಂಗಳು ಹಿಡಿಯಿತು.

ಆ ದಿನಗಳ ಒಂದು ಲಾಭವನ್ನು ಹೇಳಲೇಬೇಕು. ಮೊಮ್ಮಗ ಓದಿದ್ದು ತಮಿಳುನಾಡಿನ ಇಂಗ್ಲಿಷ್ ಶಾಲೆಯಲ್ಲಿ. ಕನ್ನಡ ಮಾತನಾಡಬಲ್ಲ, ಓದಲಾರ. ಬೆಂಗಳೂರಿನಲ್ಲಿ ಬಸ್ಸಿನ ಬೋರ್ಡಿನ ಮುಂದೆ ನಿಂತು ಇತರರನ್ನು ಕೇಳುತ್ತಿದ್ದನಂತೆ. ಸಂಜೆ ಆರೂವರೆಗೆ ಅವನ ಲ್ಯಾಪ್‌ಟಾಪ್ ಮುಚ್ಚುತ್ತಿದ್ದಂತೆ ನಾನು ಸ್ಲೇಟು ತೆರೆಯುತ್ತಿದ್ದೆ. ಇಪ್ಪತ್ತಮೂರು ವರ್ಷದ ಇಂಜಿನಿಯರು ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ತಿಳಿಯದೆ ಒದ್ದಾಡುವುದನ್ನು ನೋಡಿ ಅವನ ತಾಯಿ ನಗುತ್ತಿದ್ದಳು. ನಲವತ್ತು ಸಂಜೆಗಳಲ್ಲಿ ಒತ್ತಕ್ಷರದವರೆಗೆ ಬಂದೆವು. ಕಚೇರಿ ಮನೆಗೆ ಬಾರದೆ ಹೋಗಿದ್ದರೆ ಆ ನಲವತ್ತು ಸಂಜೆಗಳು ನಮಗೆ ಎಲ್ಲಿ ಸಿಗುತ್ತಿದ್ದವು?

2020ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ದೂರಸಂಪರ್ಕದ ನಿಯಮಗಳನ್ನು ಸಡಿಲಿಸಿ, ಇಂಥ ಕಂಪನಿಗಳ ನೌಕರರು ಮನೆಯಿಂದ ಅಥವಾ ಎಲ್ಲಿಂದಲಾದರೂ ಕೆಲಸ ಮಾಡುವುದಕ್ಕೆ ದಾರಿ ಸುಗಮಗೊಳಿಸಿತು. ‘ಎಲ್ಲಿಂದಲಾದರೂ’ ಎಂಬ ಮಾತು ಯುವಕರ ಕಿವಿಗೆ ಬಿದ್ದರೆ ಕೇಳಬೇಕೇ! 2021ರ ಮಳೆಗಾಲ ಕಳೆದ ಮೇಲೆ ಮೊಮ್ಮಗ ಮೂವರು ಗೆಳೆಯರೊಡನೆ ಗೋಕರ್ಣಕ್ಕೆ ಹೊರಟ. ಯಾತ್ರೆಗೆಂದು ನನ್ನ ಮಗಳು ಭಾವಿಸಿ ಹಣ್ಣುಕಾಯಿಗೆ ನೂರು ರೂಪಾಯಿ ಕೊಟ್ಟಳು. ಅವನು ಅಲ್ಲಿ ನಿಂತದ್ದು ಎರಡೂವರೆ ತಿಂಗಳು. ಡಿಸೆಂಬರಿನಲ್ಲಿ ನನ್ನನ್ನೂ ಕರೆಸಿಕೊಂಡ. ಬೆಂಗಳೂರಿನಿಂದ ರಾತ್ರಿಯ ರೈಲು ಹತ್ತಿ ಗೋಕರ್ಣ ರೋಡ್ ನಿಲ್ದಾಣದಲ್ಲಿ ಇಳಿದೆ. ಮಹಾಬಲೇಶ್ವರನ ದರ್ಶನ ನನ್ನ ಬಹುಕಾಲದ ಆಸೆಯೂ ಆಗಿತ್ತು.

ಗೋಕರ್ಣದಲ್ಲಿ ನಾನು ಎರಡು ಊರುಗಳನ್ನು ಕಂಡೆ. ಒಂದು ರಥಬೀದಿಯ, ಕೋಟಿತೀರ್ಥದ, ಮಡಿಯುಟ್ಟ ಭಟ್ಟರ, ಕೊರಳ ತುಂಬ ಮಣಿಸರ ಧರಿಸಿ ತರಕಾರಿ ಮಾರುವ ಹಾಲಕ್ಕಿ ಹೆಂಗಸರ ಊರು. ಇನ್ನೊಂದು ಗುಡ್ಡ ಇಳಿದರೆ ಸಿಗುವ ಕುಡ್ಲೆ, ಓಂ ಕಡಲತೀರಗಳ ಊರು. ಅಲ್ಲಿ ಮರಳಿನ ಅಂಚಿನಲ್ಲೇ ಸಾಲಾಗಿ ಕೆಫೆಗಳು. ತಗ್ಗಾದ ಮೇಜು, ನೆಲಕ್ಕೆ ಹಾಸಿದ ಮೆತ್ತೆ, ತಿನಿಸುಗಳ ಪಟ್ಟಿಯಲ್ಲಿ ಇಸ್ರೇಲು ಇಟಲಿಗಳ ಹೆಸರು. ಬೆಳಿಗ್ಗೆ ಒಂಬತ್ತೂವರೆಗೆ ಹುಡುಗ ಹುಡುಗಿಯರು ಒಬ್ಬೊಬ್ಬರಾಗಿ ಬಂದು ಲ್ಯಾಪ್‌ಟಾಪ್ ಬಿಚ್ಚಿ ಕೂರುವುದನ್ನು ನೋಡಿದಾಗ ನನಗೆ ತರಗತಿಯೇ ನೆನಪಾಯಿತು. ಎಲ್ಲರ ಕಣ್ಣೂ ಗೋಡೆಯಲ್ಲಿ ಪ್ಲಗ್ಗು ಇರುವ ಮೂಲೆಯ ಮೇಜಿನ ಮೇಲೆ. ಎರಡು ಗಂಟೆಗೊಮ್ಮೆ ಏನಾದರೊಂದು ತರಿಸಿಕೊಳ್ಳಬೇಕೆಂಬುದು ಅಲ್ಲಿನ ಅಲಿಖಿತ ನಿಯಮ. ಕುಳಿತ ಜಾಗಕ್ಕೆ ಅದೇ ಬಾಡಿಗೆ. ನನಗೆ ಅತ್ಯಂತ ಸೋಜಿಗವಾದ ಸಂಗತಿಯೆಂದರೆ, ಅವರಲ್ಲಿ ಬಹುತೇಕರು ಸಮುದ್ರಕ್ಕೆ ಬೆನ್ನು ಹಾಕಿ ಕುಳಿತಿದ್ದರು. ನೀರಿನ ಮೇಲಣ ಬಿಸಿಲಿಗೆ ಕಣ್ಣು ಕುಕ್ಕಿ ಪರದೆಯ ಅಕ್ಷರ ಕಾಣುವುದಿಲ್ಲವಂತೆ.

“ಇದಕ್ಕೆ ಇಷ್ಟು ದೂರ ಯಾಕೆ ಬರಬೇಕಪ್ಪ?” ಎಂದು ಮೊಮ್ಮಗನನ್ನು ಕೇಳಿದೆ.

“ತಾತ, ಕೆಲಸ ಎಲ್ಲಿ ಕೂತರೂ ಅದೇ. ಮುಗಿಸಿ ತಿರುಗಿದಾಗ ಗೋಡೆ ಕಾಣೋದರ ಬದಲು ಸಮುದ್ರ ಕಾಣಲಿ ಅಂತ,” ಎಂದ.

ಮಾತು ನ್ಯಾಯವೆನಿಸಿತು. ಸಂಜೆ ಆರಕ್ಕೆ ಎಲ್ಲರೂ ಒಮ್ಮೆಗೇ ತಿರುಗಿ ಕುಳಿತರು. ಸೂರ್ಯ ಮುಳುಗುವವರೆಗೆ ಯಾರೂ ಮಾತನಾಡಲಿಲ್ಲ. ದಿನವಿಡೀ ದುಡಿದವನಿಗೆ ಅಂಥದೊಂದು ಗಳಿಗೆ ಸಿಕ್ಕುವುದಾದರೆ ಅದನ್ನು ಹಗುರವಾಗಿ ಕಾಣಲು ನನಗೆ ಮನಸ್ಸು ಬಾರದು. ನಗರದ ದಟ್ಟಣೆಯಲ್ಲಿ ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ಕಳೆಯುವ ಎಷ್ಟೋ ನನ್ನ ಶಿಷ್ಯರ ಮುಖಗಳು ಆಗ ಕಣ್ಣ ಮುಂದೆ ಬಂದವು.

ಆದರೆ ಇನ್ನೊಂದನ್ನೂ ಗಮನಿಸಿದೆ. ಆ ಮೇಜುಗಳಲ್ಲಿ ನಡೆಯುತ್ತಿದ್ದ ಮಾತೆಲ್ಲ ಇಂಗ್ಲಿಷ್, ಹಿಂದಿ. ಕುಳಿತಿದ್ದವರಲ್ಲಿ ಅರ್ಧದಷ್ಟು ಜನ ಕನ್ನಡದ ಮಕ್ಕಳೆಂದು ಅವರು ಮನೆಗೆ ಫೋನು ಮಾಡಿದಾಗ ಮಾತ್ರ ತಿಳಿಯುತ್ತಿತ್ತು. ಮೂರನೆಯ ದಿನ ನಾನು ಮೊಮ್ಮಗನೊಡನೆ ಗಟ್ಟಿಯಾಗಿ ಕನ್ನಡದಲ್ಲಿ ಮಾತನಾಡುತ್ತಿದ್ದುದನ್ನು ಕೇಳಿ ಒಳಗಿನಿಂದ ಅಡುಗೆಯವರು ಕೈ ಒರೆಸಿಕೊಳ್ಳುತ್ತ ಬಂದರು. ಕುಮಟೆಯ ಕಡೆಯವರು. “ಯಾವೂರು ಮಾಸ್ತರ್ರೇ ನಿಮ್ದು?” ಎಂದರು. ನನ್ನನ್ನು ನೋಡಿದೊಡನೆ ಮಾಸ್ತರೆಂದು ಹೇಗೆ ತಿಳಿಯಿತೋ! ಮೊಮ್ಮಗ ಅಲ್ಲಿ ಎರಡು ತಿಂಗಳಿಂದ ಉಣ್ಣುತ್ತಿದ್ದ, ಅವರಿಬ್ಬರ ನಡುವೆ ಒಂದು ಕನ್ನಡ ಮಾತೂ ಆಗಿರಲಿಲ್ಲ. ಮರುದಿನದಿಂದ ಪಟ್ಟಿಯಲ್ಲಿಲ್ಲದ ಕುಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ನಮ್ಮ ಮೇಜಿಗೆ ಬಂದವು. ಅವರ ಮಗಳು ಹತ್ತನೆಯ ತರಗತಿಯಲ್ಲಿದ್ದಾಳೆಂದೂ ಗಣಿತ ಕಷ್ಟವೆಂದೂ ತಿಳಿದು, ಮೊಮ್ಮಗ ಭಾನುವಾರಗಳಂದು ಅವಳಿಗೆ ಲೆಕ್ಕ ಹೇಳಿಕೊಡಲು ತೊಡಗಿದ. ಎರಡು ತಿಂಗಳು ಕಡಲ ಮುಂದೆ ಇದ್ದವನು ಅಂದಿನಿಂದ ಗೋಕರ್ಣದಲ್ಲಿ ಇದ್ದಂತಾಯಿತು.

ತೇನಿಗೆ ಹಿಂದಿರುಗಿದ ಮೇಲೆ ಅವನ ಕಚೇರಿ ಕೊಡೈಕಾನಲಿಗೂ ಹೋಯಿತು. ನಮ್ಮಲ್ಲಿಂದ ಪೆರಿಯಕುಳಂ ದಾಟಿ ಘಾಟಿ ಹತ್ತಿದರೆ ದಿಂಡುಗಲ್ ಜಿಲ್ಲೆಯ ಆ ಗಿರಿಧಾಮ. ವಟ್ಟಕನಾಲಿನ ಇಳಿಜಾರಿನಲ್ಲಿಯೂ ಅವೇ ಕೆಫೆಗಳು, ಅವೇ ತಿನಿಸು, ಸಮುದ್ರದ ಬದಲು ಮಂಜು. ಅಲ್ಲಿ ನನ್ನನ್ನು ಸೆಳೆದದ್ದು ಬೇರೊಂದು ಕಚೇರಿ: ಸೌರ ವೀಕ್ಷಣಾಲಯ. 1899ರಲ್ಲಿ ಮದರಾಸಿನಿಂದ ಅಲ್ಲಿಗೆ ವರ್ಗವಾದ ಆ ಸಂಸ್ಥೆ ನೂರಕ್ಕೂ ಹೆಚ್ಚು ವರ್ಷಗಳಿಂದ ಸೂರ್ಯನ ಚಿತ್ರಗಳನ್ನು ತೆಗೆದು ಕೂಡಿಟ್ಟಿದೆ. ಸೂರ್ಯನ ಕಲೆಗಳಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಎವರ್ಷೆಡ್ ಎಂಬ ವಿಜ್ಞಾನಿ 1909ರಲ್ಲಿ ಕಂಡುಹಿಡಿದದ್ದು ಅಲ್ಲಿಯೇ. ಇಂದು ಅದರ ಮಾತೃಸಂಸ್ಥೆಯಾದ ಭಾರತೀಯ ಖಭೌತ ಸಂಸ್ಥೆಯ ಕೇಂದ್ರ ಇರುವುದು ಬೆಂಗಳೂರಿನಲ್ಲಿ. ಲೆಕ್ಕಾಚಾರವನ್ನು ಬೆಂಗಳೂರಿನಲ್ಲಿ ಮಾಡಬಹುದು, ಸೂರ್ಯನನ್ನು ನೋಡಲು ಮಾತ್ರ ಬೆಟ್ಟದ ಮೇಲೆ ಒಬ್ಬರು ಇರಲೇಬೇಕು.

ಅಲ್ಲಿಂದ ಇಳಿದು ಬರುವಾಗ ನಮ್ಮ ಕಣಿವೆಯ ಕೆಲಸಗಳನ್ನು ಮನಸ್ಸಿನಲ್ಲೇ ಎರಡು ಸಾಲು ಮಾಡಿದೆ. ಪೆನ್ನಿಕ್ವಿಕ್ಕರು 1895ರಲ್ಲಿ ಮುಗಿಸಿದ ಮುಲ್ಲಪೆರಿಯಾರು ಅಣೆಕಟ್ಟಿನಿಂದ ಸುರಂಗದಲ್ಲಿ ನೀರು ಹರಿದು ಬಂದರೆ ಕಂಬಂ ಕಣಿವೆಯ ಸುಮಾರು 14,700 ಎಕರೆಯಲ್ಲಿ ಎರಡು ಬೆಳೆ ಬತ್ತ. ಆ ನೀರನ್ನು ಗದ್ದೆಗೆ ತಿರುಗಿಸುವವನು ಬದುವಿನ ಮೇಲೇ ನಿಲ್ಲಬೇಕು. 2023ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಕಂಬಂ ಪನ್ನೀರು ದ್ರಾಕ್ಷಿಯ ಚಪ್ಪರದಡಿ ಕತ್ತರಿ ಹಿಡಿದು ಬಗ್ಗಿ ನಡೆಯುವ ಹೆಂಗಸಿಗೂ ‘ಎಲ್ಲಿಂದಲಾದರೂ’ ಇಲ್ಲ. ಅಳಿಯಂದಿರು ಏಲಕ್ಕಿ ವ್ಯಾಪಾರದ ಲೆಕ್ಕಪತ್ರ ನೋಡುವವರು. ಬೋಡಿಯ ಹರಾಜು ಕೇಂದ್ರದಲ್ಲಿ ಈಗ ಕೂಗಾಟವಿಲ್ಲ, ವ್ಯಾಪಾರಿಗಳು ಕಂಪ್ಯೂಟರಿನ ಮುಂದೆ ಕುಳಿತು ಬೆಲೆ ಒತ್ತುತ್ತಾರೆ. ಹಾಗಿದ್ದರೂ ಮಾದರಿಯ ಕಾಯನ್ನು ಅಂಗೈಯಲ್ಲಿ ಉರುಳಿಸಿ, ಹಸಿರು ನೋಡಿ, ಗಾತ್ರ ನೋಡಿಯೇ ಒತ್ತುವುದು. ಶಾಲೆಯೂ ಇದೇ ಸಾಲಿನದು. ಸೋಂಕಿನ ಕಾಲದಲ್ಲಿ ಫೋನಿನ ಮೂಲಕ ಪಾಠ ಹೇಳಿದೆವು. ಫಲವೇನಾಯಿತು? ಕಲಿಕೆಯಲ್ಲಿ ಬಿದ್ದ ಬಿರುಕನ್ನು ಮುಚ್ಚಲು ತಮಿಳುನಾಡು ಸರ್ಕಾರ 2021ರಲ್ಲಿ ‘ಇಲ್ಲಂ ತೇಡಿ ಕಲ್ವಿ’ ಎಂಬ ಯೋಜನೆ ಹೂಡಿ, ಸ್ವಯಂಸೇವಕರನ್ನು ಮಕ್ಕಳ ಮನೆಬಾಗಿಲಿಗೇ ಕಳುಹಿಸಬೇಕಾಯಿತು. ಮಗುವಿನ ಕೈ ಹಿಡಿದು ತಿದ್ದಿಸಲು ಇನ್ನೊಂದು ಕೈ ಹತ್ತಿರದಲ್ಲಿರಬೇಕು.

ಇಷ್ಟೆಲ್ಲ ದೂರದಿಂದ ನೋಡಿದ ಮಾತಾಯಿತು. ಮುಂದಿನದು ನಮ್ಮ ಮನೆಗೇ ತಟ್ಟಿದ ವಿಷಯ. 2023ರ ಆಗಸ್ಟಿನಲ್ಲಿ ಅಳಿಯಂದಿರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಸ್ವಾಧೀನ ತಪ್ಪಿತು. ಮೊಮ್ಮಗ ಆಗ ಮತ್ತೆ ಗೋಕರ್ಣದಲ್ಲಿದ್ದ. ಮರುದಿನ ರಾತ್ರಿಯೊಳಗೆ ತೇನಿಗೆ ಬಂದ. ಮುಂದಿನ ನಾಲ್ಕು ತಿಂಗಳು ಅವನ ಕಚೇರಿ ತಂದೆಯ ಮಂಚದ ಪಕ್ಕದಲ್ಲಿ ನಡೆಯಿತು. ಒಂದು ಕಿವಿಯಲ್ಲಿ ಬೆಂಗಳೂರು, ಇನ್ನೊಂದು ಕಿವಿಯಲ್ಲಿ ತಂದೆಯ ಕೂಗು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಕೈಗೆ ಎಣ್ಣೆ ತಿಕ್ಕಿ ಬೆರಳು ಮಡಿಸಿ ಬಿಡಿಸುವನು. ರಾತ್ರಿ ತಂದೆ ಹೇಳಿದಂತೆ ಏಲಕ್ಕಿಯ ಲೆಕ್ಕ ಬರೆಯುವನು. ನಮ್ಮ ಕಾಲದಲ್ಲಾಗಿದ್ದರೆ ತಂತಿ ಬರುವುದು, ಹದಿನೈದು ದಿನ ರಜೆ ಸಿಗುವುದು, ಆಮೇಲೆ ತಂದೆಯನ್ನು ಹೆಂಗಸರ ಕೈಗೆ ಒಪ್ಪಿಸಿ ಮಗ ಊರು ಬಿಡುವುದು. ಎಷ್ಟು ಮನೆಗಳಲ್ಲಿ ಹಾಗಾದದ್ದನ್ನು ನಾವು ನೋಡಿಲ್ಲ?

2024ರ ಜನವರಿಯಲ್ಲಿ ಕಂಪನಿಯಿಂದ ಪತ್ರ ಬಂತು. ಇನ್ನು ವಾರಕ್ಕೆ ಮೂರು ದಿನ ಬೆಂಗಳೂರಿನ ಕಚೇರಿಗೆ ಬರತಕ್ಕದ್ದು ಎಂದು. ಕಂಪನಿಯ ದೃಷ್ಟಿಯಿಂದ ಅದರಲ್ಲಿ ಅನ್ಯಾಯವಿಲ್ಲ. ಹೊಸಬರು ಹಳಬರ ಪಕ್ಕದಲ್ಲಿ ಕುಳಿತೇ ಕೆಲಸ ಕಲಿಯಬೇಕೆಂಬುದನ್ನು ಮೇಷ್ಟರಾದ ನಾನು ಹೇಗೆ ಅಲ್ಲಗಳೆಯಲಿ? ಮಗಳು, “ನೀನು ಹೋಗು, ನಾನು ನೋಡಿಕೊಳ್ಳುತ್ತೇನೆ” ಎಂದಳು. ಅಳಿಯಂದಿರು ಏನೂ ಹೇಳಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿದರು. ಮೊಮ್ಮಗ ಹತ್ತು ದಿನ ಯೋಚಿಸಿದ. ಕೊನೆಗೆ ಮನೆಯಿಂದಲೇ ಮಾಡಬಹುದಾದ ಬೇರೊಂದು ಕೆಲಸ ಹಿಡಿದ. ಸಂಬಳ ಮೂರರಲ್ಲಿ ಒಂದು ಪಾಲು ಕಡಿಮೆ. ಹೆಣ್ಣು ಕೊಡುವವರು, “ಹುಡುಗ ಬೆಂಗಳೂರಿನಲ್ಲಿ ಇಲ್ಲವೇ?” ಎಂದು ಕೇಳಿ ಹಿಂದೆಗೆದದ್ದೂ ಉಂಟು. ಒಮ್ಮೊಮ್ಮೆ ಸಂಜೆ ಮಹಡಿಯ ಮೇಲೆ ನಿಂತು ಪಶ್ಚಿಮದ ಬೆಟ್ಟಗಳನ್ನು ನೋಡುತ್ತಿರುತ್ತಾನೆ. ಸಮುದ್ರ ನೆನಪಾಗುತ್ತದೆಂದು ನನಗೆ ಗೊತ್ತು. ಅವನು ಕಡೆಯವರೆಗೆ ತೇನಿಯಲ್ಲೇ ಇರುತ್ತಾನೆಂದು ನಾನು ಹೇಳಲಾರೆ, ಇರಬೇಕೆಂದು ವಿಧಿಸಲಾರೆ. ಅಳಿಯಂದಿರು ಈಗ ಕೋಲು ಹಿಡಿದು ಬೀದಿಯ ಕೊನೆಯವರೆಗೆ ನಡೆಯುತ್ತಾರೆ.

ನನಗೆ ತೋರಿದ್ದು ಇಷ್ಟು. ನಮಗೆ ಕೆಲಸವೇ ಊರನ್ನು ಗೊತ್ತುಮಾಡುತ್ತಿತ್ತು, ಆದ್ದರಿಂದ ದೂರ ಉಳಿದದ್ದಕ್ಕೆ ಕೆಲಸವನ್ನು ಕಾರಣ ಹೇಳಬಹುದಿತ್ತು. ಎಲ್ಲಿ ಬೇಕಾದರೂ ಇರಬಹುದು ಎಂದಾದ ಮೇಲೆ, ಎಲ್ಲಿ ಇರಬೇಕು, ಯಾರ ಬಳಿ ಇರಬೇಕು ಎಂಬ ಪ್ರಶ್ನೆ ನೇರವಾಗಿ ಮನುಷ್ಯನ ಮುಂದೆಯೇ ನಿಲ್ಲುತ್ತದೆ. ಇಂದಿನ ಯುವಕರಿಗೆ ಸಿಕ್ಕ ಸ್ವಾತಂತ್ರ್ಯ ದೊಡ್ಡದು. ಅದರ ಭಾರವೂ ಅಷ್ಟೇ ದೊಡ್ಡದು.

ಇದಕ್ಕೆ ನಮ್ಮ ಕಣಿವೆಯ ಕನ್ನಡಿಗರು ಹಿಂದೆಯೇ ಒಂದು ಉತ್ತರ ಕಂಡುಕೊಂಡಿದ್ದರೆಂದು ನನ್ನ ಭಾವನೆ. ಅವರ ಹಿರಿಯರು ದನ ಹೊಡೆದುಕೊಂಡು ಕನ್ನಡ ನಾಡಿನಿಂದ ಬಂದವರೆಂದು ಅವರ ನಂಬಿಕೆ. ಕಂಬಂ ಪಟ್ಟಣದಲ್ಲಿ ಆ ಸಮುದಾಯದ ನಂದಗೋಪಾಲಸ್ವಾಮಿಯ ದನದ ದೊಡ್ಡಿಯೊಂದಿದೆ. ತಮಿಳಿನಲ್ಲಿ ‘ತಂಬಿರಾನ್ ಮಾಡು ತೊಳುವಂ’ ಎನ್ನುತ್ತಾರೆ. ಅಲ್ಲಿ ಪೂಜೆಗೊಳ್ಳುವುದು ಜೀವಂತ ಹಸು ಹೋರಿಗಳು. ಸಂಕ್ರಾಂತಿಯ ಮರುದಿನ, ಮಾಟು ಪೊಂಗಲಿನಂದು, ಜನ ಅಲ್ಲಿ ನೆರೆಯುತ್ತಾರೆ. ಮೇವು ಹುಡುಕಿಕೊಂಡು ಬೆಟ್ಟದ ಮೇಲೆಲ್ಲ ತಿರುಗುವುದು ದನಗಾಹಿಯ ಕಸುಬು. ತಿರುಗುವುದರಲ್ಲಿ ಅವನಿಗೆ ಅವಮಾನವಿರಲಿಲ್ಲ. ಆದರೆ ಮರಳಿ ಬರುವ ದೊಡ್ಡಿ ಎಲ್ಲಿದೆಯೆಂದು ಅವನಿಗೂ ಗೊತ್ತಿತ್ತು, ದನಕ್ಕೂ ಗೊತ್ತಿತ್ತು. ಲಿಪಿಯಿಲ್ಲದೆ, ಪಾಠಶಾಲೆಯಿಲ್ಲದೆ, ಇಷ್ಟು ಕಾಲ ಆ ಮನೆಗಳಲ್ಲಿ ಕನ್ನಡ ಉಳಿದದ್ದಕ್ಕೆ ಆ ಮರಳಿ ಸೇರುವ ಜಾಗವೂ ಒಂದು ಕಾರಣವಾಗಿರಬೇಕು.

ಪ್ರಿಯ ಹಳೆಯ ವಿದ್ಯಾರ್ಥಿಗಳೇ, ಗಡಿನಾಡಿನ ಕನ್ನಡ ಕುಟುಂಬಗಳಿಗೆ ಅಂಥ ದೊಡ್ಡಿಯೆಂದರೆ ಈ ಶಾಲೆ. ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಿಮಗೆ ಹೇಳಿಕೊಟ್ಟವರು ನಾವೇ. ಸುತ್ತಿರಿ, ಕಡಲ ದಂಡೆಯಲ್ಲಿ ಕುಳಿತು ದುಡಿಯಿರಿ. ನಿಮ್ಮ ಕಚೇರಿ ಚೀಲದಲ್ಲಿ ಹಿಡಿಯುವುದಾದರೆ ವರ್ಷದಲ್ಲಿ ಒಂದು ವಾರ ಆ ಚೀಲವನ್ನು ಇಲ್ಲಿಗೆ ತನ್ನಿ. ಹಗಲು ನಿಮ್ಮ ಕೆಲಸ ಮಾಡಿ, ಸಂಜೆ ಒಂದು ಗಂಟೆ ಮಕ್ಕಳಿಗೆ ಲೆಕ್ಕ ಹೇಳಿಕೊಡಿ, ಕನ್ನಡ ಓದದೆ ಬೆಳೆದ ನಿಮ್ಮ ಮಕ್ಕಳನ್ನು ಅವರ ಪಕ್ಕದಲ್ಲಿ ಕೂರಿಸಿ. ಗ್ರಂಥಾಲಯದ ಕೋಣೆಯಲ್ಲಿ ಎರಡು ಮೇಜು, ನಾಲ್ಕು ಪ್ಲಗ್ಗು ಹಾಕಿಸಬೇಕೆಂದು ಆಡಳಿತ ಮಂಡಲಿಯವರಲ್ಲಿ ವಿನಂತಿ ಮಾಡಿದ್ದೇನೆ. ಅದಕ್ಕೆ ನನ್ನ ಪಿಂಚಣಿಯಿಂದ ಅಳಿಲು ಸೇವೆಯನ್ನೂ ಸಲ್ಲಿಸಿದ್ದೇನೆ. ಎರಡು ಗಂಟೆಗೊಮ್ಮೆ ಕಾಫಿ ಕೊಳ್ಳಬೇಕೆಂಬ ನಿರ್ಬಂಧ ಇಲ್ಲಿಲ್ಲ.

ಶಾಲೆ ಶತಮಾನೋತ್ಸವ ಕಾಣಲಿ. ಆಗ ದುಡಿಮೆಯ ರೀತಿ ಹೇಗಿರುತ್ತದೋ ನಾನು ಊಹಿಸಲಾರೆ; ಬೆಳಗಿನ ಗಂಟೆ ಬಾರಿಸಿದಾಗ ಕನ್ನಡದ ಮಕ್ಕಳು ಅಂಗಳದಲ್ಲಿ ನಿಂತಿರಲಿ ಎಂದು ಮಾತ್ರ ಹಾರೈಸುತ್ತೇನೆ.